ಹಲಸಿನ ಕೊಂಬೆಯ ಗಿಡ: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ರಘು ಅಣ್ಣ: [ಫೋಟೊ] ಮೇ ತಿಂಗಳ ಗಾಳಿಗೆ ಮುರಿದ ಹಲಸಿನ ಕೊಂಬೆ ಸೌದೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಈ ಗಿಡ ಅದಕ್ಕೆ ಅಂಟಿಕೊಂಡಿತ್ತು. ಎಲೆ ಸುಕ್ಕಾಗಿದೆ, ಆದರೂ ಜೀವ ಇದೆ. ಕೆಂಪು ಮಣ್ಣು, ಗೊಬ್ಬರ ಹಾಕಿ ಕುಂಡದಲ್ಲಿ ನೆಟ್ಟಿದ್ದೇನೆ. ಭಾನುವಾರ ಬೆಂಗಳೂರಿಗೆ ತೆಗೆದುಕೊಂಡು ಹೋಗುತ್ತೇನೆ. ಯಾವ ಗಿಡ ಅಂತ ಗೊತ್ತಿರುವವರು ಹೇಳಿ.

ದೊಡ್ಡಪ್ಪ: ಬಂದಳಿಕೆ ಅದು. ಮರದ ರಸ ಹೀರುತ್ತದೆ. ಕೊಂಬೆ ಮುರಿದದ್ದೇ ಅದರಿಂದ. ಗೊಬ್ಬರಗುಂಡಿಗೆ ಹಾಕು.

ಸುಮಾ ಅತ್ತೆ: ಅಣ್ಣಾ, ಬಂದಳಿಕೆ ಅಲ್ಲ. ಸೀತಾಳೆ ದಂಡೆ. ಮಳೆಗಾಲ ಹಿಡಿಯುವ ಮುಂಚೆ ಉದ್ದಕ್ಕೆ ಜೋತು ಬೀಳುತ್ತಿತ್ತಲ್ಲ, ಬಿಳಿ ಹೂವಿನ ಮೇಲೆ ನೇರಳೆ ಚುಕ್ಕಿ. ನಾನು, ಅಕ್ಕ ಅದನ್ನೇ ಮುಡಿಯುತ್ತಿದ್ದೆವು. ನಿನಗೆ ನೆನಪಿಲ್ವಾ?

ಪಲ್ಲವಿ: ಫೋಟೊ ಆ್ಯಪ್‌ಗೆ ಹಾಕಿದೆ. ವಂಡಾ ಅಂತ ತೋರಿಸುತ್ತಿದೆ.

ನಾನು: ಹೆಸರು ಆಮೇಲೆ. ರಘು ಅಣ್ಣ, ಮೊದಲು ಅದನ್ನು ಮಣ್ಣಿನಿಂದ ತೆಗಿ. ಇವತ್ತೇ. ಮರದ ಮೇಲೆ ಬೆಳೆಯುವ ಆರ್ಕಿಡ್ ಇದು. ಬೇರಿಗೆ ಗಾಳಿ ಬೇಕು. ಬೇರಿನ ಹೊರಗೆ ದಪ್ಪ ಬಿಳಿ ಪದರ ಇರುತ್ತದೆ. ಮಳೆ ನೀರು ಬಿದ್ದರೆ ಗಬಕ್ಕನೆ ಹೀರಿ ಹಸಿರಾಗುತ್ತದೆ. ಆಮೇಲೆ ಗಾಳಿಗೆ ಒಣಗಬೇಕು. ಮಣ್ಣಿನಲ್ಲಿ ಒಣಗುವುದೇ ಇಲ್ಲ, ಕೊಳೆಯುತ್ತದೆ.

ರಘು ಅಣ್ಣ: ಇಷ್ಟು ದಿನ ನೀರಿಲ್ಲದೆ ಬಿದ್ದಿದ್ದ ಗಿಡ. ಮಣ್ಣು, ಗೊಬ್ಬರ ಕೊಡದೆ ಹೇಗೆ ಬದುಕುತ್ತದೆ?

ನಾನು: ದಪ್ಪ ಎಲೆಯಲ್ಲಿದ್ದ ನೀರಿನಿಂದಲೇ ಇಷ್ಟು ದಿನ ಬದುಕಿದೆ. ಈಗ ಬೇಕಾಗಿರುವುದು ನೀರು ಹೀರುವ ಬೇರು. ಇರುವ ಬೇರನ್ನು ಗೊಬ್ಬರ ಸುಟ್ಟುಬಿಡುತ್ತದೆ. ಮಣ್ಣು ತೊಳೆದು ಒಂದೊಂದೇ ಬೇರು ಒತ್ತಿ ನೋಡು. ಗಟ್ಟಿ ಇದ್ದರೆ ಬಿಡು. ಕಂದಾಗಿ ಮೆತ್ತಗಿದ್ದರೆ, ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿದಿದ್ದರೆ ಕತ್ತರಿಸು. ಕತ್ತರಿಯನ್ನು ಬೆಂಕಿಗೆ ಹಿಡಿದು ತೆಗಿ.

ದೊಡ್ಡಪ್ಪ: ಆರ್ಕಿಡ್ ಅಂತ ಇಂಗ್ಲಿಷ್ ಹೆಸರು ಕೊಟ್ಟರೆ ಬಂದಳಿಕೆ ಅಲ್ಲದೆ ಹೋಗುತ್ತದಾ? ಹಿತ್ತಲಿನ ಮಾವಿನ ಮರಕ್ಕೆ ಬಂದಾಗ ನಾನೇ ಕಡಿಸಿದ್ದೆ. ಕೊಂಬೆ ಕೊಂಬೆಯೇ ಒಣಗಿತ್ತು.

ನಾನು: ಮಾವಿನ ಮರದ್ದು ಬಂದಳಿಕೆಯೇ ದೊಡ್ಡಪ್ಪ, ಕಡಿಸಿದ್ದು ಸರಿ. ಅದರ ಬೇರು ತೊಗಟೆ ಸೀಳಿ ಮರದೊಳಗೆ ಇಳಿಯುತ್ತದೆ. ಅಂಟಿದ ಕಡೆ ಕೊಂಬೆ ಗಂಟು ಕಟ್ಟುತ್ತದೆ. ಸೀತಾಳೆ ದಂಡೆಯ ಜಾತಿಯವು ತೊಗಟೆಯನ್ನು ಹಿಡಿದುಕೊಳ್ಳುತ್ತವೆ, ಅಷ್ಟೇ. ಊಟ ಮರದ್ದಲ್ಲ. ಕೊಂಬೆ ಇನ್ನೂ ಕೊಟ್ಟಿಗೆಯಲ್ಲಿದೆ ಅಲ್ವಾ? ತೊಗಟೆಯ ಮೇಲೆ ಉಳಿದ ಬೇರಿನ ತುಂಡು ಎಬ್ಬಿಸಿ ಅಡಿಯಲ್ಲಿ ನೋಡಿ. ಕೊಂಬೆ ಮುರಿದ ಜಾಗವನ್ನೂ ನೋಡಿ. ಆಮೇಲೆ ನೀವು ಹೇಳಿದ ಹಾಗೆ.

ಪಲ್ಲವಿ: ಹಾಗಾದರೆ ವಂಡಾ ಅಲ್ವಾ?

ನಾನು: ಹೂವಿಲ್ಲದ ಗಿಡದ ಒಂದು ಫೋಟೊ ನೋಡಿ ಆ್ಯಪ್ ಹೇಳುವುದನ್ನು ನಂಬಬೇಡ. ವಂಡಾ, ಏರಿಡಿಸ್, ಸೀತಾಳೆ ದಂಡೆ ಎಲ್ಲ ಹತ್ತಿರದ ನೆಂಟರು. ಎಲ್ಲವೂ ಒಂದೇ ಕಾಂಡದಲ್ಲಿ ಮೇಲಕ್ಕೆ ಬೆಳೆಯುತ್ತವೆ, ಪಟ್ಟಿ ಎಲೆ ಎರಡು ಸಾಲಿನಲ್ಲಿ ಬರುತ್ತದೆ. ಎಲೆ ತುದಿಯೂ ಕಚ್ಚಿ ಬಿಟ್ಟ ಹಾಗೇ ಇರುತ್ತದೆ. ಅಣ್ಣ, ಬುಡದಲ್ಲಿ ಗೆಡ್ಡೆ ಇದೆಯಾ? ಹೋದ ಸಲದ ಹೂವಿನ ಒಣಗಿದ ಕಡ್ಡಿ ಇದೆಯಾ?

ರಘು ಅಣ್ಣ: ಗೆಡ್ಡೆ ಇಲ್ಲ. ಕಡ್ಡಿ ಇದೆ. ಒಂದು ಗೇಣಿನ ಮೇಲೆ ಉದ್ದ, ಕೆಳಗೆ ಜೋತು ಬಿದ್ದಿದೆ. ಕಡ್ಡಿ ತುಂಬಾ ಒತ್ತೊತ್ತಾಗಿ ಸಣ್ಣ ಕಲೆ. [ಫೋಟೊ]

ನಾನು: ಈ ಕಡ್ಡಿ ಬಹಳ ಹೇಳುತ್ತದೆ! ಗೆಡ್ಡೆ ಇಲ್ಲ ಅಂದಮೇಲೆ ಸಿಂಬಿಡಿಯಂ ಅನ್ನುವ ಆರ್ಕಿಡ್ ಅಲ್ಲ. ನಮ್ಮ ಕಡೆ ಮರಮರದಲ್ಲೂ ಕಾಣುವ ಅಕ್ಯಾಂಪೆಯೂ ಅಲ್ಲ, ಅದರ ಹೂಗೊಂಚಲು ಗಿಡ್ಡ, ಬಿರುಸು. ವಂಡಾದಲ್ಲಿ ಹೂ ಕಡಿಮೆ, ಕಡ್ಡಿ ನೆಟ್ಟಗಿರುತ್ತದೆ. ಪ್ರತಿ ಕಲೆಯೂ ಒಂದು ಹೂ ಉದುರಿದ ಜಾಗ. ಸೀತಾಳೆ ದಂಡೆಯ ಒಂದು ದಂಡೆಯಲ್ಲಿ 100ಕ್ಕೂ ಜಾಸ್ತಿ ಹೂ ಇರಬಹುದು, ಅದಕ್ಕೇ ಇಷ್ಟು ಒತ್ತು. ಏರಿಡಿಸ್‌ನಲ್ಲಿ ಸಾಮಾನ್ಯವಾಗಿ ಇಷ್ಟು ಒತ್ತಾಗಿ ಬರುವುದಿಲ್ಲ. ಅತ್ತೆ ಹೇಳಿದ್ದೇ ಸರಿ ಅನ್ನಿಸುತ್ತದೆ. ಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ.

ಸುಮಾ ಅತ್ತೆ: ಅನ್ನಿಸುತ್ತದೆ ಯಾಕೆ? ನಾನು ನೋಡಿದ ಗಿಡ ಕಣೋ.

ನಾನು: ಆ ಮರದಲ್ಲಿ ಬೇರೆ ಜಾತಿಯೂ ಇದ್ದಿರಬಹುದು ಅತ್ತೆ. ಹೂ ಬಂದಾಗ ತುಟಿಯ ಹಾಗಿನ ದೊಡ್ಡ ಎಸಳನ್ನು ನೋಡೋಣ. ಸೀತಾಳೆ ದಂಡೆಯಲ್ಲಿ ಅದು ಒಂದೇ ತುಂಡು, ಹಿಂದಕ್ಕೆ ಚಪ್ಪಟೆ ಚೀಲ. ಏರಿಡಿಸ್‌ನಲ್ಲಿ ಅದು ಮೂರು ಹಾಳೆ, ಚೀಲದ ತುದಿ ಮುಂದಕ್ಕೆ ಬಾಗಿರುತ್ತದೆ. ಆಮೇಲೆ ಹೆಸರು ಬರೆಯೋಣ.

ವಿದ್ಯಾ ಅಕ್ಕ: ಗುವಾಹಟಿಯಲ್ಲಿ ಇದನ್ನು ಕಪೌ ಫೂಲ್ ಅನ್ನುತ್ತಾರೆ. ಅಸ್ಸಾಂನ ರಾಜ್ಯದ ಹೂ. ಏಪ್ರಿಲ್‌ನಲ್ಲಿ ಬಿಹು ಕುಣಿಯುವ ಹುಡುಗಿಯರ ತುರುಬಿನಲ್ಲಿ ಇದೇ. ಅತ್ತೆ ಮುಡಿಯುತ್ತಿದ್ದ ಹೂ ಅಂತ ಗೊತ್ತಿರಲಿಲ್ಲ!

ರಘು ಅಣ್ಣ: ಹಾಗಾದರೆ ಬೆಂಗಳೂರಿಗೆ ಬರಲೇಬೇಕು. ಸೌದೆಯಿಂದ ಎತ್ತಿದವನು ನಾನು.

ನಾನು: ಎತ್ತಿದ್ದಕ್ಕೆ ಎಲ್ಲರೂ ಋಣಿ. ಆದರೆ ನಿನ್ನ ಬಾಲ್ಕನಿಗೆ ಬೇಡ. ಪಶ್ಚಿಮದ ಬಿಸಿಲು, ಒಣ ಗಾಳಿ. ಇದು ಶಿರಸಿಯ ಮಳೆಯಲ್ಲಿ ಬೆಳೆದ ಗಿಡ, ಈಗಲೇ ಸೋತಿದೆ.

ರಘು ಅಣ್ಣ: ಬೆಂಗಳೂರಿನಲ್ಲಿ ಎಷ್ಟು ಜನ ಆರ್ಕಿಡ್ ಬೆಳೆಸುತ್ತಾರೆ! ದಿನಾ ನೀರು ಹಾಕುತ್ತೇನೆ. ಊರಿನಲ್ಲಿ ಯಾರು ನೋಡಿಕೊಳ್ಳುತ್ತಾರೆ ಹೇಳು. ಗೊಬ್ಬರಗುಂಡಿಗೆ ಹಾಕು ಅಂದ ದೊಡ್ಡಪ್ಪನಾ?

ಸುಮಾ ಅತ್ತೆ: ರಘು, ದೊಡ್ಡವರ ಹತ್ತಿರ ಹಾಗೆ ಮಾತಾಡಬೇಡ.

ನಾನು: ಅವನು ಕೇಳಿದ್ದು ನ್ಯಾಯವೇ ಅತ್ತೆ. ಅಲ್ಲಿ ಬೆಳೆಸಲು ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಮರಕ್ಕೆ ಕಟ್ಟಿದರೆ ಈ ಮಳೆಗಾಲದಲ್ಲಿ ಯಾರೂ ಏನೂ ಮಾಡಬೇಕಾಗಿಲ್ಲ. ಬೇರು ಹೊಸದಾಗಿ ಹಿಡಿಯುವ ಕಾಲ ಇದೇ. ಬೇಸಿಗೆಯಲ್ಲಿ ಬೇರು ತೀರಾ ಬೆಳ್ಳಗಿದ್ದರೆ ಒಂದು ಚೊಂಬು ನೀರು ಎರಚಿದರೆ ಸಾಕು. ಬಾಲ್ಕನಿಗೆ ನರ್ಸರಿಯ ಗಿಡ ಕೊಂಡುಕೋ ಅಣ್ಣ.

ಪಲ್ಲವಿ: ಕಾಡಿನಲ್ಲಿ ಎಷ್ಟೋ ಇರುತ್ತವಲ್ಲ, ರಘು ಅಣ್ಣನಿಗೆ ಇನ್ನೊಂದು ತಂದರೆ?

ನಾನು: ಬೇಡ ಪಲ್ಲವಿ, ದಯವಿಟ್ಟು ಆ ಯೋಚನೆ ಬಿಡು. ರಕ್ಷಿತ ಕಾಡಿನಿಂದ ಗಿಡ ಕೀಳುವುದು ಅಪರಾಧ. ಕಾಯಿಯಲ್ಲಿ ಧೂಳಿನಷ್ಟು ಸಣ್ಣ ಬೀಜ ಲೆಕ್ಕವಿಲ್ಲದಷ್ಟು ಇದ್ದರೂ ಮೊಳೆಯುವುದು ಬಹಳ ಕಡಿಮೆ, ಯಾಕೆಂದರೆ ಬೀಜದೊಳಗೆ ಆಹಾರ ಇಲ್ಲ. ಸರಿಯಾದ ಶಿಲೀಂಧ್ರ ಸಿಕ್ಕರೆ ಮಾತ್ರ ಬೆಳೆಯುತ್ತದೆ. ಹೂ ಬಿಡುವ ಗಿಡವಾಗಲು ವರ್ಷಗಳೇ ಬೇಕು. ಕಿತ್ತದ್ದನ್ನು ತುಂಬಿಕೊಡಲು ಯಾರಿಂದಲೂ ಆಗುವುದಿಲ್ಲ.

ದೊಡ್ಡಪ್ಪ: [ಫೋಟೊ] ಕೊಂಬೆ ನೋಡಿದೆ. ಬೇರಿನ ಅಡಿ ತೊಗಟೆ ಹಾಗೇ ಇದೆ. ಮುರಿದ ಜಾಗದಲ್ಲಿ ಒಳಗೆಲ್ಲ ಟೊಳ್ಳು, ಗೆದ್ದಲು. ಗಿಡದ ತಪ್ಪಿಲ್ಲ. ಇಲ್ಲೇ ಇರಲಿ, ನಾನು ನೋಡಿಕೊಳ್ಳುತ್ತೇನೆ. ಪೇರಲೆ ಮರಕ್ಕೆ ಕಟ್ಟಲಾ?

ನಾನು: ಪೇರಲೆ ಬೇಡ ದೊಡ್ಡಪ್ಪ, ಅದರ ತೊಗಟೆ ಸುಲಿದು ಬೀಳುತ್ತದೆ. ಹಲಸು ಅಥವಾ ಮಾವು, ಬೆಳಗಿನ ಬಿಸಿಲು ಬೀಳುವ ಕಡೆ. ಹತ್ತಿ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ತಂತಿ ಬೇಡ. ಗಿಡ ಸ್ವಲ್ಪ ಹೊರಗೆ ವಾಲಲಿ, ಸುಳಿಯಲ್ಲಿ ನೀರು ನಿಲ್ಲಬಾರದು. ತೆಂಗಿನ ಸಿಪ್ಪೆ ಇಡಬೇಡಿ, ನಮ್ಮ ಮಳೆಗೆ ಅದು ಒಣಗುವುದೇ ಇಲ್ಲ. ಬರುವ ಮೇನಲ್ಲಿ ಹೂ ಬರದಿದ್ದರೂ ಕೀಳಬೇಡಿ, ಮೊದಲು ಬೇರು ಹಿಡಿಯಬೇಕು.

ರಘು ಅಣ್ಣ: ಸರಿ. ಮಣ್ಣಿನಿಂದ ತೆಗೆದೆ. ಗಟ್ಟಿ ಬೇರು ನಾಲ್ಕು ಉಳಿದಿವೆ, ಒಂದರ ತುದಿ ಹಸಿರಾಗಿದೆ. ಆದರೆ ಕಟ್ಟುವವನು ನಾನೇ.

ದೊಡ್ಡಪ್ಪ: ಬಾವಿ ಪಕ್ಕದ ಹಲಸಿಗೆ ಕಟ್ಟು. ನನ್ನ ಹಳೇ ಪಂಚೆ ಹರಿದು ಇಟ್ಟಿದ್ದೇನೆ. ಏಣಿ ಅಟ್ಟದ ಮೇಲಿದೆ, ನಾನು ಹಿಡಿದುಕೊಳ್ಳುತ್ತೇನೆ.