ಒಂದೇ ತಾಯಿಗಿಡದ ದೊಡ್ಡಪತ್ರೆ, ಎರಡು ಕುಂಡದಲ್ಲಿ ಎರಡು ರೂಪ. ಇದು ಗಿಡದ ಗುಣವೋ, ಜಾಗದ ಗುಣವೋ?

ಕುಂಡದಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಸ್ಯಶಾಸ್ತ್ರ ಓದಿದವಳಲ್ಲ. ದಿನವಿಡೀ ಲೆಕ್ಕಪತ್ರ ನೋಡುವ ಕೆಲಸ. ಗಿಡ ಸಾಕುವುದು ಹುಚ್ಚು ಅಷ್ಟೇ. ಪ್ರಶ್ನೆ ಪೆದ್ದು ಅನಿಸಿದರೆ ಬೈದುಕೊಳ್ಳಬೇಡಿ.

ಒಂದೂವರೆ ವರ್ಷದ ಹಿಂದೆ ಒಂದೇ ದೊಡ್ಡಪತ್ರೆ ಗಿಡದಿಂದ ಎರಡು ಕಡ್ಡಿ ಮುರಿದು ಎರಡು ಕುಂಡಕ್ಕೆ ಚುಚ್ಚಿದ್ದೆ. ಒಂದು ತಾರಸಿಯಲ್ಲಿ, ದಿನವಿಡೀ ಬಿಸಿಲಿಗೆ. ಇನ್ನೊಂದು ಮೆಟ್ಟಿಲ ಕೆಳಗೆ. ಅಲ್ಲಿ ಬೆಳಕು ಇದೆ, ಆದರೆ ನೇರ ಬಿಸಿಲು ಒಂದು ನಿಮಿಷವೂ ಬೀಳುವುದಿಲ್ಲ.

ಈಗ ನೋಡಿದರೆ ಎರಡೂ ಬೇರೆ ಬೇರೆ ಗಿಡದ ಹಾಗಿವೆ. ತಾರಸಿಯದ್ದು ಕುಳ್ಳು. ಎಲೆ 4 ಸೆಂಟಿಮೀಟರ್, ದಪ್ಪ, ಹಳದಿ ಬೆರೆತ ಹಸಿರು, ಮುರಿದರೆ ಚಟಕ್ ಅನ್ನುತ್ತದೆ. ಮೆಟ್ಟಿಲ ಕೆಳಗಿನದ್ದರ ಎಲೆ 9 ಸೆಂಟಿಮೀಟರ್, ಕಡು ಹಸಿರು, ತೆಳು, ಜೋತು ಬಿದ್ದಿರುತ್ತದೆ. ಗೆಣ್ಣಿಂದ ಗೆಣ್ಣಿಗೆ ಅಂತರ ತಾರಸಿಯಲ್ಲಿ ಒಂದೂವರೆ ಸೆಂಟಿಮೀಟರ್, ಇಲ್ಲಿ ಆರು. ಸ್ಕೇಲ್ ಇಟ್ಟೇ ಅಳೆದಿದ್ದೇನೆ, ಉದ್ಯೋಗದ ಚಟ.

ನನ್ನ ಗೆಳತಿ ನೋಡಿದವಳೇ "ಇವೆರಡೂ ಬೇರೆ ತಳಿ ಕಣೇ, ನಿನಗೆ ಕಡ್ಡಿ ಅದಲು ಬದಲಾಗಿದೆ" ಅಂದಳು. ನಾನು ಹಾಗೇನಿಲ್ಲ ಅಂತ ವಾದ ಮಾಡಿ, ಸಾಬೀತು ಮಾಡೋಣ ಅಂತ ನೆರಳಿನ ಕುಂಡವನ್ನು ಎತ್ತಿ ತಾರಸಿಗೆ ಇಟ್ಟೆ. ಮೂರನೇ ದಿನಕ್ಕೆ ಅದರ ದೊಡ್ಡ ಎಲೆಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಆಮೇಲೆ ಕಂದು ಕಲೆ ಬಿದ್ದು ಸುಟ್ಟವು. ಗೆಳತಿ ಗೆದ್ದ ಹಾಗಾಯಿತು. ಒಂದೇ ಗಿಡವಾಗಿದ್ದರೆ ಒಂದೇ ಬಿಸಿಲಿಗೆ ಒಂದು ಸುಖವಾಗಿದ್ದು, ಇನ್ನೊಂದು ಹೀಗೆ ಸುಟ್ಟುಕೊಳ್ಳುವುದೇಕೆ?

ನೀರುಗೊಬ್ಬರ:

ಸಾರಜನಕ ಜಾಸ್ತಿ ಆದರೆ ಎಲೆ ದೊಡ್ಡದಾಗಿ ಕಡು ಹಸಿರಾಗುತ್ತದೆ. ಮೆಟ್ಟಿಲ ಕೆಳಗಿನ ಕುಂಡಕ್ಕೆ ಗೊಬ್ಬರ ಜಾಸ್ತಿ ಹಾಕಿರಬೇಕು. ಕಡಿಮೆ ಮಾಡಿ, ಸರಿಹೋಗುತ್ತದೆ.

ಕುಂಡದಮ್ಮ:

ಗೊಬ್ಬರವೇ ಹಾಕಿಲ್ಲ ಸ್ವಾಮಿ. ಎರಡಕ್ಕೂ ಒಂದೇ ಮೂಟೆಯ ಮಣ್ಣು.

ಹಳೇ ಮೇಷ್ಟ್ರು:

ಅಮ್ಮಾ, ಪ್ರಶ್ನೆ ಪೆದ್ದಲ್ಲ. ಇದೇ ಪ್ರಶ್ನೆಗೆ ಸಸ್ಯ ಪರಿಸರಶಾಸ್ತ್ರದವರು ನೂರು ವರ್ಷಕ್ಕಿಂತ ಜಾಸ್ತಿ ಜಗಳವಾಡಿದ್ದಾರೆ. ನಾನು ಕಾಲೇಜಿನಲ್ಲಿ 31 ವರ್ಷ ಇದನ್ನೇ ಪಾಠ ಮಾಡಿದವನು, ಸ್ವಲ್ಪ ಉದ್ದವಾದರೆ ತಡೆದುಕೊಳ್ಳಿ.

ಮೊದಲು ಸುಟ್ಟ ಎಲೆಯ ವಿಚಾರ. ಎಲೆ ಅನ್ನುವುದು ಚಿಗುರಿದಾಗ ಇದ್ದ ಬೆಳಕಿನ ಅಳತೆಗೆ ಹೊಲಿದ ಅಂಗಿ. ಬಿಸಿಲಲ್ಲಿ ಹುಟ್ಟಿದ ಎಲೆಯನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೇಲ್ಚರ್ಮದ ಕೆಳಗೆ ಕಂಬದ ಹಾಗೆ ನಿಂತ ಕೋಶಗಳು ಉದ್ದವಾಗಿ, ಅನೇಕ ಗಿಡಗಳಲ್ಲಿ ಎರಡು ಮೂರು ಸಾಲಾಗಿ ಇರುತ್ತವೆ. ಬೆಳಕು ಜಾಸ್ತಿ ಇರುವಾಗ ಒಳಗಿನ ಸಾಲಿಗೂ ಸಿಗುತ್ತದೆ, ಅವೂ ದುಡಿಯುತ್ತವೆ. ನೆರಳಲ್ಲಿ ಅಷ್ಟು ದಪ್ಪ ಎಲೆ ಮಾಡಿದರೆ ಒಳಗಿನವು ಕತ್ತಲಲ್ಲಿ ಕೂತು ಉಣ್ಣುವ ಬಾಯಿಗಳು ಮಾತ್ರ. ಕೋಶಕ್ಕೂ ಉಸಿರಾಟವಿದೆ, ಖರ್ಚಿದೆ. ಹಾಗಾಗಿ ನೆರಳಿನ ಗಿಡ ಅದೇ ಸರಕನ್ನು ತೆಳ್ಳಗೆ ಹರಡಿ, ಅಗಲವಾಗಿ ಹಿಡಿಯುತ್ತದೆ. ಸಿಕ್ಕ ಬೆಳಕನ್ನು ಬಿಡದೆ ಹಿಡಿಯಬೇಕಲ್ಲ, ಅದಕ್ಕೆ ಕ್ಲೋರೋಫಿಲ್‌ನ ಬಲೆಯೂ ದೊಡ್ಡದು. ಅದೇ ನಿಮಗೆ ಕಡು ಹಸಿರಾಗಿ ಕಾಣುತ್ತಿರುವುದು.

ಇಂಥ ಎಲೆಯನ್ನು ದಿಢೀರಂತ ಬಿಸಿಲಿಗೆ ಇಟ್ಟರೆ ಬಲೆಗೆ ಬಿದ್ದ ಶಕ್ತಿಯನ್ನು ಬಳಸುವ ತಾಕತ್ತು ಅದಕ್ಕಿಲ್ಲ. ಹೆಚ್ಚಾದದ್ದನ್ನು ಶಾಖವಾಗಿ ಹೊರಹಾಕುವ ಹಳದಿ ವರ್ಣಕಗಳೂ ಕಡಿಮೆ. ಮಿಕ್ಕ ಶಕ್ತಿ ಆಮ್ಲಜನಕದ ಮೇಲೆ ಹೋಗಿ ಅದನ್ನು ಪುಂಡನನ್ನಾಗಿ ಮಾಡುತ್ತದೆ. ಆ ಪುಂಡ ಆಮ್ಲಜನಕ ಮೊದಲು ಕ್ಲೋರೋಫಿಲ್ಲನ್ನೇ ಹಾಳು ಮಾಡುತ್ತದೆ. ನೀವು ಕಂಡ ಸುಣ್ಣದ ಬಣ್ಣ ಅದೇ. ಸುಟ್ಟದ್ದು ಎಲೆ, ಗಿಡವಲ್ಲ. ಕುಂಡವನ್ನು ಬಿಸಾಡಿಲ್ಲ ತಾನೇ? ಗೆಣ್ಣಿನಲ್ಲಿ ಹೊಸ ಚಿಗುರು ಬರುತ್ತದೆ, ಅದು ತಾರಸಿಯ ಅಳತೆಯದ್ದೇ ಆಗಿರುತ್ತದೆ. ಮುಂದಿನ ಸಲ ಹತ್ತು ಹದಿನೈದು ದಿನ ಬೆಳಗಿನ ಬಿಸಿಲಿಗೆ ಮಾತ್ರ ಇಟ್ಟು ಪಳಗಿಸಿ.

ಇನ್ನು ನಿಮ್ಮ ಗೆಳತಿಯ ಮಾತು. ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಗೋಟೆ ಟ್ಯುರೆಸನ್ ಕಡಲತಡಿಯ ಮರಳಿನಲ್ಲಿ ಬೆಳೆದದ್ದು, ಒಳನಾಡಿನಲ್ಲಿ ಬೆಳೆದದ್ದು ಅಂತ ಒಂದೇ ಜಾತಿಯ ಗಿಡಗಳನ್ನು ಬೇರೆ ಬೇರೆ ಕಡೆಯಿಂದ ತಂದು ಒಂದೇ ತೋಟದಲ್ಲಿ ನೆಟ್ಟ. ಜಾಗ ಒಂದಾದ ಮೇಲೆ ವ್ಯತ್ಯಾಸ ಮಾಯವಾಗಬೇಕಿತ್ತು. ಎಷ್ಟೋ ಗಿಡಗಳಲ್ಲಿ ಆಗಲಿಲ್ಲ. ಅಂದರೆ ಆ ಜಾಗದ ಗುಣ ಅಷ್ಟರಲ್ಲೇ ಗಿಡದ ರಕ್ತಕ್ಕೆ ಇಳಿದಿತ್ತು. 1922ರಲ್ಲಿ ಅವನು ಇವುಗಳಿಗೆ ಇಕೋಟೈಪ್ ಅಂತ ಹೆಸರಿಟ್ಟ.

ಅದಕ್ಕೂ ಚೆಂದದ ಪ್ರಯೋಗ ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಕ್ಲಾಸೆನ್, ಕೆಕ್, ಹೀಸಿ ಅಂತ ಮೂವರು. ಕರಾವಳಿಯಿಂದ, ಬೆಟ್ಟದಿಂದ ತಂದ ಒಂದೊಂದು ಗಿಡವನ್ನೂ ಬೇರು ಸಮೇತ ಮೂರು ತುಂಡು ಮಾಡಿ, ಒಂದನ್ನು ಕಡಲಮಟ್ಟಕ್ಕೆ ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿ, ಒಂದನ್ನು ಸುಮಾರು 1,400 ಮೀಟರ್ ಎತ್ತರದ ಮ್ಯಾದರ್‌ನಲ್ಲಿ, ಇನ್ನೊಂದನ್ನು 3,000 ಮೀಟರಿಗೂ ಮೇಲೆ, ಮರಗಳೇ ನಿಂತುಹೋಗುವ ಟಿಂಬರ್‌ಲೈನ್‌ನಲ್ಲಿ ನೆಟ್ಟರು. ಪೊಟೆಂಟಿಲ್ಲಾ ಗ್ಲ್ಯಾಂಡ್ಯುಲೋಸಾ ಅನ್ನುವ ಗಿಡದ ಕತೆ ಕೇಳಿ. ಒಂದೇ ಗಿಡದ ತುಂಡುಗಳು ಮೂರು ಕಡೆ ಮೂರು ಎತ್ತರಕ್ಕೆ ಬೆಳೆದವು. ಇದು ಜಾಗದ ಕೈವಾಡ. ಆದರೆ ಕರಾವಳಿಯ ಗಿಡ ಟಿಂಬರ್‌ಲೈನ್‌ನ ಚಳಿಯಲ್ಲಿ ಉಳಿಯಲಿಲ್ಲ. ಬೆಟ್ಟದ ಗಿಡವೋ, ಸ್ಟ್ಯಾನ್‌ಫರ್ಡ್‌ನ ಬೆಚ್ಚಗಿನ ಚಳಿಗಾಲದಲ್ಲೂ, ಯಾರೂ ಹೇಳದೆ, ಹಳೇ ಅಭ್ಯಾಸದಂತೆ ಮಲಗಿಬಿಡುತ್ತಿತ್ತು! ಇದು ಗಿಡದ್ದು. 1940ರಲ್ಲಿ ಇದನ್ನು ಪ್ರಕಟಿಸಿದರು. ಪಾಠ ಮಾಡುವಾಗ ಈ ಮಲಗುವ ಗಿಡದ ಹತ್ತಿರ ಬಂದಾಗ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಿದ್ದರು.

ನಿಮ್ಮಲ್ಲಿ ಪ್ರಶ್ನೆ ಅದಕ್ಕಿಂತ ಸುಲಭ. ಎರಡೂ ಕುಂಡದಿಂದ ಕಡ್ಡಿ ತೆಗೆದು ಒಂದೇ ಜಾಗದಲ್ಲಿ ಅಕ್ಕಪಕ್ಕ ಬೆಳೆಸಿ. ಹೊಸ ಎಲೆ ಒಂದೇ ಥರ ಬಂದರೆ ನೀವು ಗೆದ್ದಿರಿ. ಬೇರೆ ಬಂದರೆ ಗೆಳತಿಗೆ ಕ್ಷಮೆ ಕೇಳಿ.

ಕಾಡುಪಾಪ:

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಅವಮಾನದ ಕತೆ. ಎಂಎಸ್ಸಿ ಮಾಡುವಾಗ ಕಾಡಿನಲ್ಲಿ ಒಂದು ಮೀಟರ್ ಚೌಕಟ್ಟು ಇಟ್ಟು, ಒಳಗೆ ಬಿದ್ದ ಎಲೆಗಳನ್ನು ಜಾತಿವಾರು ಎಣಿಸುವ ಕೆಲಸ. ಒಂದು ಚೌಕದಲ್ಲಿ ಹನ್ನೊಂದು ಜಾತಿ ಅಂತ ಹೆಮ್ಮೆಯಿಂದ ಬರೆದೆ. ಗೈಡ್ ಬಂದು ಎರಡು ಎಲೆ ಎತ್ತಿ, ತಲೆ ಎತ್ತಿ ಮರ ನೋಡಿ, ಮತ್ತೆ ನನ್ನ ಮುಖ ನೋಡಿದರು. ಒಂದು ಮರದ ತುದಿಯ ಎಲೆ, ಇನ್ನೊಂದು ಅದೇ ಮರದ ಬುಡದ ಕೊಂಬೆಯ ಎಲೆ. ಹನ್ನೊಂದು ಎಂಟಾಯಿತು. ಇನ್ನೆರಡು ಯಾವುದು ಅಂತ ಕೇಳಬೇಡಿ.

ಒಂದು ತಕರಾರು ಇದೆ. "ನೆರಳು" ಅಂತ ಒಂದೇ ಮಾತಲ್ಲಿ ಹೇಳಿದರೆ ಸಾಲದು. ಮರದ ನೆರಳು ಬೇರೆ, ಗೋಡೆಯ ನೆರಳು ಬೇರೆ. ಎಲೆಗಳು 660 ನ್ಯಾನೋಮೀಟರಿನ ಆಸುಪಾಸಿನ ಕೆಂಪು ಬೆಳಕನ್ನು ನುಂಗುತ್ತವೆ. 730ರ ಆಸುಪಾಸಿನ, ನಮ್ಮ ಕಣ್ಣಿಗೆ ಕಂಡೂ ಕಾಣದ ಕಡುಗೆಂಪನ್ನು ಮಾತ್ರ ಕೆಳಗೆ ಬಿಟ್ಟುಕೊಡುತ್ತವೆ. ಗಿಡದಲ್ಲಿರುವ ಫೈಟೋಕ್ರೋಮ್ ಅನ್ನುವ, ಬೆಳಕು ಗುರುತಿಸುವ ವರ್ಣಕ ಈ ಎರಡರ ಅನುಪಾತ ನೋಡಿಯೇ "ಪಕ್ಕದಲ್ಲಿ ಇನ್ನೊಂದು ಗಿಡ ಇದೆ" ಅಂತ ತಿಳಿಯುತ್ತದೆ. ಅನೇಕ ಗಿಡಗಳು ನೆರಳು ಬೀಳುವ ಮೊದಲೇ, ಪಕ್ಕದ ಎಲೆಯಿಂದ ಚಿಮ್ಮಿದ ಕಡುಗೆಂಪು ತಾಗಿದ್ದಕ್ಕೇ ಉದ್ದ ಬೆಳೆಯಲು ಶುರು ಮಾಡುತ್ತವೆ. ಮೆಟ್ಟಿಲ ಕೆಳಗೆ ಈ ಅನುಪಾತ ಹೆಚ್ಚು ಕೆಡುವುದಿಲ್ಲ, ಒಟ್ಟು ಬೆಳಕೇ ಕಡಿಮೆ. ಗಿಡ ಅಲ್ಲೂ ಉದ್ದವಾಗುತ್ತದೆ, ಕಾರಣ ಮಾತ್ರ ಬೇರೆ.

ಇನ್ನೊಂದು, ತಾರಸಿ ಅಂದರೆ ಬರೀ ಬಿಸಿಲಲ್ಲ. ಗಾಳಿಯೂ ಇದೆ. ದಿನಾ ಅಲುಗಾಡಿಸಿದ ಗಿಡ ಕುಳ್ಳಗೆ, ಗಟ್ಟಿಯಾಗಿ ಬೆಳೆಯುತ್ತದೆ. ಮಾರ್ಕ್ ಜಾಫ್ ಅನ್ನುವವರು 1973ರಲ್ಲಿ ಕಾಂಡವನ್ನು ದಿನಾ ಸುಮ್ಮನೆ ಬೆರಳಲ್ಲಿ ಉಜ್ಜಿಯೇ ಇದನ್ನು ತೋರಿಸಿದರು. ಜೊತೆಗೆ ಕುಂಡ ಕಾಯುತ್ತದೆ, ನೀರು ಬೇಗ ಆರುತ್ತದೆ. ಹಾಗಾಗಿ "ಬಿಸಿಲಿಂದ ಹೀಗಾಯಿತು" ಅನ್ನಬೇಡಿ, "ತಾರಸಿಯಿಂದ ಹೀಗಾಯಿತು" ಅನ್ನಿ. ಬಿಡಿಸಿ ನೋಡಬೇಕಾದರೆ ತಾರಸಿಯಲ್ಲೇ ಒಂದಿಷ್ಟು ಕುಂಡಕ್ಕೆ ನೆರಳು ಪರದೆ ಕಟ್ಟಿ.

ಹಳೇ ಮೇಷ್ಟ್ರು:

ಗೋಡೆಯ ನೆರಳಿನ ಮಾತು ಒಪ್ಪಿದೆ. ಗಾಳಿಯನ್ನು ನಾನು ಮರೆತದ್ದು ತಪ್ಪೇ.

ಕುಂಡದಮ್ಮ:

ಇಬ್ಬರಿಗೂ ಥ್ಯಾಂಕ್ಸ್. ಕುಂಡ ಬಿಸಾಡಿಲ್ಲ. ಇವತ್ತು ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಎರಡು ಚಿಗುರು ಕಂಡವು!

ಪ್ರಯೋಗ ಮಾಡಿಯೇ ಬಿಡುತ್ತೇನೆ. ಒಂದೊಂದು ಕಡ್ಡಿ ಸಾಕಾ? ಎಲೆ ಎಷ್ಟನೆಯದ್ದು ಅಳೆಯಬೇಕು? ಮತ್ತೆ ಎಲೆ ಉಸಿರಾಡುವ ಸಣ್ಣ ರಂಧ್ರಗಳನ್ನು ಮನೆಯಲ್ಲೇ ಎಣಿಸಬಹುದು ಅಂತ ಎಲ್ಲೋ ಓದಿದ್ದೆ, ಅದು ನಿಜಾನಾ?

ಹಳೇ ಮೇಷ್ಟ್ರು:

ಒಂದು ಸಾಲದಮ್ಮಾ. ಒಂದೇ ಕಡ್ಡಿಗೆ ಹುಳ ಬಿದ್ದರೆ ಅದನ್ನೇ ಸಿದ್ಧಾಂತ ಮಾಡಿಬಿಡುತ್ತೀರಿ. ಎರಡೂ ಕಡೆಯಿಂದ ಆರಾರು ತೆಗೆಯಿರಿ. ಕುಂಡ, ಮಣ್ಣು, ನೀರು ಒಂದೇ. ಇವು ಒಂದು ಕಡೆ, ಅವು ಒಂದು ಕಡೆ ಅಂತ ಗುಂಪು ಕಟ್ಟಬೇಡಿ, ಒಂದು ಬಿಟ್ಟು ಒಂದು ಇಡಿ.

ಕಡ್ಡಿಯಲ್ಲಿ ಇದ್ದ ಎಲೆ ಲೆಕ್ಕಕ್ಕಿಲ್ಲ. ಹೊಸದಾಗಿ ಬಂದ ಮೊದಲ ಜೋಡಿಯನ್ನೂ ಬಿಡಿ. ಅದು ಹಳೇ ಜಾಗದಲ್ಲೇ ಮೊಗ್ಗಾಗಿ ಕೂತಿರುತ್ತದೆ. ಅಲ್ಲದೆ ಹಳೇ ಎಲೆಗಳು ತಾವು ಕಂಡ ಬೆಳಕಿನ ಸುದ್ದಿಯನ್ನು ಚಿಗುರಿಗೆ ಕಳಿಸುತ್ತವೆ ಅಂತ ಅರಬಿಡಾಪ್ಸಿಸ್ ಅನ್ನುವ, ಪ್ರಯೋಗಾಲಯದವರು ಬಳಸುವ ಪುಟ್ಟ ಗಿಡದಲ್ಲಿ 2001ರಲ್ಲಿ ತೋರಿಸಿದ್ದಾರೆ. ಹಳೇ ಎಲೆಗೆ ಮಾತ್ರ ನೆರಳು ಮಾಡಿದರೂ ಹೊಸ ಎಲೆಯ ರಂಧ್ರಗಳ ಲೆಕ್ಕ ಬದಲಾಯಿತು. ಮೂರನೇ ಜೋಡಿಯಿಂದ ಅಳೆಯಿರಿ.

ರಂಧ್ರ ಎಣಿಸುವುದು ನಿಜ. ಎಲೆಯ ಅಡಿಗೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಅಂಟುಟೇಪಿನಿಂದ ಕಿತ್ತು ಗಾಜಿನ ಮೇಲೆ ಅಂಟಿಸಿದರೆ ಅಚ್ಚು ಸಿಗುತ್ತದೆ. ಆದರೆ ದೊಡ್ಡಪತ್ರೆಗೆ ಬೇಡ. ಅದರ ಮೈತುಂಬ ರೋಮ, ಟೇಪಿಗೆ ಬರೀ ಕೂದಲು ಬರುತ್ತದೆ. ನುಣುಪು ಎಲೆಯ ಗಿಡ ನೋಡಿ. ಬಿಸಿಲೆಲೆಯಲ್ಲಿ ಸಾಮಾನ್ಯವಾಗಿ ರಂಧ್ರ ಒತ್ತೊತ್ತಾಗಿರುತ್ತವೆ.

ದಪ್ಪ ಹೋಲಿಸಲು ಸುಲಭ ದಾರಿ ಇದೆ. ಒಂದೇ ಬಾಟಲಿ ಮುಚ್ಚಳದಿಂದ ಎಲೆಗಳಲ್ಲಿ ಬಿಲ್ಲೆ ಒತ್ತಿ, ಪೂರ್ತಿ ಒಣಗಿಸಿ ತೂಗಿ. ಒಂದೇ ಅಗಲಕ್ಕೆ ಎಷ್ಟು ಸರಕು ಅಂತ ತಿಳಿಯುತ್ತದೆ.

ಕಾಡುಪಾಪ:

ಅಷ್ಟೂ ಎಲೆಗಳ ವಯಸ್ಸೂ ಒಂದೇ ಇರಲಿ. ನೀಲಗಿರಿ ಮರದ ಎಳೆ ಗಿಡದಲ್ಲಿ ಎಲೆ ದುಂಡಗೆ ಎದುರುಬದುರು, ದೊಡ್ಡದಾದ ಮೇಲೆ ಕುಡುಗೋಲಿನ ಹಾಗೆ. ಅದು ಜಾಗದ್ದಲ್ಲ, ವಯಸ್ಸಿನದ್ದು.

ಕುಂಡದಮ್ಮ (ಎಂಟು ವಾರದ ನಂತರ):

ಮರೆತಿರಿ ಅಂದುಕೊಂಡೆ, ಆದರೂ ಬರೆಯುತ್ತಿದ್ದೇನೆ. ಹನ್ನೆರಡು ಕುಂಡ, ತಾರಸಿಯ ಪೂರ್ವದ ಗೋಡೆಯಿಂದ ಪಶ್ಚಿಮದ ಗೋಡೆಯವರೆಗೆ ಒಂದೇ ಸಾಲು. ಕುಂಡದ ತಳಕ್ಕೆ ಗುರುತು ಬರೆದೆ, ಅಳೆಯುವಾಗ ಯಾವುದು ಯಾವುದೆಂದು ನನಗೇ ಗೊತ್ತಾಗಬಾರದು ಅಂತ. ಒಂದು ಕಡ್ಡಿ ಕೊಳೆಯಿತು. ಉಳಿದದ್ದು ಹನ್ನೊಂದು.

ಮೂರನೇ ಜೋಡಿ ಅಳೆದೆ. ಒಂಬತ್ತು ಕುಂಡಗಳಲ್ಲಿ ಎಲೆ 4ರಿಂದ 5 ಸೆಂಟಿಮೀಟರ್ ಒಳಗೇ. ತಳ ತಿರುಗಿಸಿ ನೋಡಿದರೆ ಬಿಸಿಲಿನ ಮಕ್ಕಳು, ನೆರಳಿನ ಮಕ್ಕಳು ಕಲಸಿಹೋಗಿದ್ದವು. ಗೆಳತಿಗೂ ತೋರಿಸಿದೆ. "ಹೂಂ" ಅಂದಳು, ಅಷ್ಟೇ.

ಆದರೆ ಪಶ್ಚಿಮದ ತುದಿಯ ಎರಡು ಕುಂಡ ತಲೆ ಕೆಡಿಸಿದವು. ಎಲೆ 6 ಸೆಂಟಿಮೀಟರ್ ದಾಟಿತ್ತು, ಕಾಂಡವೂ ಉದ್ದ. ಒಂದು ಬಿಸಿಲಿನ ತಾಯಿಯದ್ದು, ಇನ್ನೊಂದು ನೆರಳಿನದ್ದು. ತಳಿಯೂ ಅಲ್ಲ, ಮಣ್ಣೂ ಅಲ್ಲ, ಮತ್ತೇನು? ಭಾನುವಾರ ಕುರ್ಚಿ ಹಾಕಿಕೊಂಡು ತಾರಸಿಯಲ್ಲೇ ಕೂತೆ. ಎರಡು ಗಂಟೆ ದಾಟುತ್ತಿದ್ದ ಹಾಗೆ ಪಶ್ಚಿಮದ ಗೋಡೆಯ ನೆರಳು ಮೆಲ್ಲಗೆ ತೆವಳಿಕೊಂಡು ಬಂದು ಆ ಎರಡು ಕುಂಡದ ಮೇಲೆ ಕೂತಿತು. ಮೂರನೆಯದ್ದನ್ನು ಮುಟ್ಟುವಷ್ಟರಲ್ಲಿ ಗಂಟೆ ನಾಲ್ಕೂವರೆ.