ಸಹಾಯ ಬೇಕು: ತಂಗೀನ ಗಂಡಸ್ ಪೊಲೀಸರೇ ಮೈಮುಟ್ಟಿ ಚೆಕ್ ಮಾಡಿದಾರೆ, ದೂರು ಎಲ್ಲಿ ಕೊಡ್ಬೇಕು?

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ರಾತ್ರಿ ನನ್ ತಂಗಿ ಡ್ಯೂಟಿ ಮುಗ್ಸಿ ಸ್ಕೂಟೀಲಿ ಬರ್ತಿದ್ಲು, ಅಡ್ಡ ಹಾಕಿ ನಿಲ್ಸಿ, ಗಾಂಜಾ ಇರೋ ಡೌಟಿದೆ ಅಂತ ಸ್ಟೇಷನ್‌ಗೆ ಕರ್ಕೊಂಡ್ ಹೋಗಿ, ಅಲ್ಲಿ ಲೇಡಿ ಪೊಲೀಸ್ ಒಬ್ರೂ ಇಲ್ಲ, ಗಂಡಸ್ ಕಾನ್‌ಸ್ಟೇಬಲ್ಲೇ ಮೈ ತಡಕಿ ಹುಡುಕಿದಾರೆ. ಏನೂ ಸಿಗ್ಲಿಲ್ಲ, "ಹೋಗಮ್ಮ ಮನೆಗೆ" ಅಂದ್ರಂತೆ ಅಷ್ಟೇ. ವೇಲನ್ನ ಎರಡೂ ಕೈಲಿ ಎದೆಗೆ ಒತ್ಕೊಂಡೇ ಒಳಗೆ ಬಂದ್ಲು, ಅಮ್ಮ ಕೇಳಿದ್ರೂ ಬೆಳಗಿನವರೆಗೂ ಬಾಯಿ ಬಿಡ್ಲಿಲ್ಲ.

ಗಾಂಜಾ-ಡ್ರಗ್ಸ್ ಕೇಸಿಗೆ ಇರೋ ಎನ್‌ಡಿಪಿಎಸ್ ಕಾಯ್ದೆ 50ನೇ ಸೆಕ್ಷನ್ನಲ್ಲೇ ಹೆಣ್ಮಕ್ಕಳನ್ನ ಹೆಂಗಸರೇ ತಪಾಸಣೆ ಮಾಡ್ಬೇಕು ಅಂತಿದೆ, ಸಿಆರ್‌ಪಿಸಿ ಬದಲು ಬಂದಿರೋ ಬಿಎನ್‌ಎಸ್‌ಎಸ್ ಕಾಯ್ದೆ 49ನೇ ಸೆಕ್ಷನ್ನಲ್ಲೂ ಅದೇ ಇದೆ. ಇದು ಅವ್ರಿಗೆ ಗೊತ್ತಿಲ್ದೇ ಇರುತ್ತಾ?

ಈಗ ನನಗೆ ಬೇಕಿರೋದು ಸಿಸಿಟಿವಿ ಫೂಟೇಜ್. ಸುಪ್ರೀಂ ಕೋರ್ಟು 2020ರಲ್ಲೇ ಎಲ್ಲಾ ಸ್ಟೇಷನ್ನಲ್ಲೂ ಕ್ಯಾಮೆರಾ ಹಾಕಿ ರೆಕಾರ್ಡಿಂಗ್ 18 ತಿಂಗಳು ಇಡ್ಬೇಕು ಅಂದಿದೆ, ಆದ್ರೂ ಅಳಿಸಿಬಿಟ್ರೆ ಅಂತ ಭಯ. ಆರ್‌ಟಿಐ ಹಾಕ್ಲಾ, ಎಸ್ಪಿಗೆ ಬರೀಲಾ? ಪೊಲೀಸ್ ದೂರು ಪ್ರಾಧಿಕಾರಕ್ಕೋ ಮಾನವ ಹಕ್ಕು ಆಯೋಗಕ್ಕೋ ಹೋದವ್ರು ಯಾರಾದ್ರೂ ಇದ್ರೆ ಅರ್ಜಿ ಹೆಂಗ್ ಬರೆದ್ರಿ, ಎಷ್ಟು ದಿನಕ್ಕೆ ಕರೆದ್ರು ಹೇಳಿ. ತಂಗಿ ಮಾತಾಡೋಕೆ ಒಬ್ರು ಲೇಡಿ ಲಾಯರ್ ಇದ್ರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. "ಸುಮ್ನಿದ್ಬಿಡು, ಮದುವೆ ಆಗ್ಬೇಕಾದ ಹುಡುಗಿ" ಅನ್ನೋ ಸಲಹೆ ಮಾತ್ರ ಬೇಡ, ಅದನ್ನ ನೆಂಟರು ಆಗ್ಲೇ ಹೇಳಿದಾರೆ.