ಅಪ್‌ಡೇಟ್: ಕಲ್ಲಿದ್ದಲು ಬಾಯ್ಲರ್‌ನ ಫ್ಯಾನ್ ಈಗ ಸರಿಯಾಗಿ ನಿಲ್ಲುತ್ತಿದೆ

ನೀರು 75 ಡಿಗ್ರಿಗೆ ಬಂದರೂ ಬೆಂಕಿಗೆ ಗಾಳಿ ಊದುವ ಬಾಯ್ಲರ್ ಫ್ಯಾನ್ ನಿಲ್ಲುತ್ತಿಲ್ಲ, 90 ದಾಟಿದ ಮೇಲೆ ಸುರಕ್ಷತೆಗೆ ಅಂತ ಬೇರೆಯೇ ಇರುವ ಹೈ ಲಿಮಿಟ್ ಸ್ವಿಚ್ ಎಲ್ಲವನ್ನೂ ಆಫ್ ಮಾಡುತ್ತಿದೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು.

ರೂಮ್ ಥರ್ಮೋಸ್ಟಾಟ್ ಬದಲಿಸಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲ. ಫ್ಯಾನ್‌ಗೆ ಕರೆಂಟ್ ಆನ್-ಆಫ್ ಮಾಡುವ ರಿಲೇ ಅಂಟಿಕೊಂಡಿರಬಹುದು ಅಂತ ಕೆಲವರು ಅಂದಿದ್ದರು. ಮೇನ್ ಆಫ್ ಮಾಡಿ ಮಲ್ಟಿಮೀಟರ್ ಹಿಡಿದು ನೋಡಿದೆ, ಅದೂ ಚೆನ್ನಾಗಿಯೇ ಇತ್ತು. ಕೆಲಸ ಮಾಡಿದ್ದು ಅಕ್ವಾಸ್ಟಾಟ್‌ನ (ನೀರಿನ ಬಿಸಿ ನೋಡಿ ಫ್ಯಾನ್ ನಿಲ್ಲಿಸುವ ಕಂಟ್ರೋಲ್) ಬಿಸಿ ಅಳೆಯುವ ಸೆನ್ಸರ್ ಬಲ್ಬ್ ನೋಡಿ ಅಂದವರ ಸಲಹೆ, ಅವರಿಗೆ ತುಂಬಾ ಥ್ಯಾಂಕ್ಸ್. ಬಲ್ಬ್ ತನ್ನ ಕೊಳವೆಯಿಂದ ಅರ್ಧ ಹೊರಗೆ ಜಾರಿತ್ತು, ಅದಕ್ಕೇ ನೀರು ಕುದಿಯುವಷ್ಟು ಬಿಸಿಯಾದರೂ ಕಂಟ್ರೋಲ್‌ಗೆ ಇನ್ನೂ ತಣ್ಣಗಿದೆ ಅಂತಲೇ ಕಾಣುತ್ತಿತ್ತು. ತಳದವರೆಗೆ ತಳ್ಳಿ, ಶಾಖ ಹರಿಸುವ ಪೇಸ್ಟ್ ಹಚ್ಚಿ, ಕ್ಲಿಪ್ ಸ್ಕ್ರೂ ಬಿಗಿ ಮಾಡಿದೆ. ಈಗ 75ಕ್ಕೆ ಫ್ಯಾನ್ ನಿಲ್ಲುತ್ತದೆ.

ಒಂದು ವಿಷಯ ಗೊತ್ತಿರಲಿಲ್ಲ. ಫ್ಯಾನ್ ನಿಂತರೂ ಕೆಂಡ ಉರಿಯುತ್ತಲೇ ಇರುತ್ತದೆ ಅಲ್ವಾ, ಹಾಗಾಗಿ ನೀರು ಇನ್ನೂ ಕೆಲವು ಡಿಗ್ರಿ ಏರುತ್ತದೆ. ಸೆಟ್ಟಿಂಗ್ ಅನ್ನು ಲಿಮಿಟ್‌ಗೆ ತೀರಾ ಹತ್ತಿರ ಇಡಬೇಡಿ.

ಹಾಗೇ, ಒಲೆ ಬಾಗಿಲ ಪಕ್ಕದ ವೈರ್ ಕೂಡ ನೋಡಿ. ನಮ್ಮದರಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಿ ಬಿರುಕು ಬಿಟ್ಟು ತಾಮ್ರ ಕಾಣುತ್ತಿತ್ತು, ಜಾಸ್ತಿ ಶಾಖ ತಡೆಯುವ ವೈರ್ ಹಾಕಿಸಿದೆ.